ನೆಲ ಸಮ ಮಾಡಲು ಟ್ರ್ಯಾಕ್ಟರ್ ಹಿಂದೆ ಕಟ್ಟುವ ಬ್ಲೇಡನ್ನು ಎಡ-ಬಲಕ್ಕೆ ತಿರುಗುವಂತೆ ಮಾಡಿಸಿದರೆ, ತಿರುಗಿಸಿಟ್ಟ ಬ್ಲೇಡನ್ನು ಅಲುಗದಂತೆ ಹಿಡಿಯುವ ಲಾಕ್ ಪಿನ್ನಿನ ತೂತು ಬೇಗ ಅಗಲವಾಗುತ್ತದೆ, ಯಾಕೆ?

ಹೆಚ್ಚಿನ ಸಲ ತಪ್ಪು ಪಿನ್ನಿನದಲ್ಲ, ತೂತು ಕೊರೆದ ಜಾಗದ್ದು. 7 ಅಡಿ ಬ್ಲೇಡಿನ ತುದಿ ನಡುವಿನ ತಿರುಗಣಿಯಿಂದ (ಬ್ಲೇಡ್ ತಿರುಗುವ ಕೀಲು) ಸುಮಾರು 1070 ಮಿ.ಮೀ. ದೂರದಲ್ಲಿರುತ್ತದೆ. ಅದು ಕಲ್ಲಿಗೆ ತಾಗಿ ಒಂದು ಟನ್ ಬಲ ಬಿತ್ತು ಅಂದುಕೊಳ್ಳಿ. ಲಾಕ್ ಪಿನ್ ತಿರುಗಣಿಯಿಂದ 150 ಮಿ.ಮೀ.ಯಲ್ಲಿದ್ದರೆ ಅದರ ಮೇಲೆ 7 ಟನ್‌ಗೂ ಹೆಚ್ಚು ಬೀಳುತ್ತದೆ, 300 ಮಿ.ಮೀ.ಯಲ್ಲಿದ್ದರೆ ಮೂರೂವರೆ ಟನ್ ಚಿಲ್ಲರೆ. ಹಾಗಾಗಿ ಬೇರೆ ಬೇರೆ ಓರೆಗೆ ಪಿನ್ ಹಾಕುವ ತೂತುಗಳ ಸಾಲನ್ನು ಆದಷ್ಟು ಹೊರಕ್ಕೆ ತನ್ನಿ.

ಪಿನ್ನನ್ನು ಮೇಲೊಂದು, ಕೆಳಗೊಂದು ಪ್ಲೇಟ್ ಹಿಡಿದಿರಬೇಕು. ಬರೀ ಮೇಲಿನದು ಹಿಡಿದಿದ್ದರೆ ಪಿನ್ ವಾಲಿಕೊಂಡು ತೂತಿನ ಅಂಚನ್ನೇ ತಿನ್ನುತ್ತದೆ. 25 ಮಿ.ಮೀ. ಪಿನ್ನಿಗೆ 26 ಮಿ.ಮೀ. ತೂತು ಸಾಕು, ಅದನ್ನೂ ಡ್ರಿಲ್ ಮಾಡಿಸಿ. ಗ್ಯಾಸ್ ಕಟ್ಟಿಂಗಿನ ತೂತು ಮೊದಲ ದಿನವೇ ಸಡಿಲ.

ಅಗಲದ ಲೆಕ್ಕವನ್ನು ಬ್ಲೇಡ್ ಓರೆಯಾಗಿಟ್ಟು ಹಾಕಿ. 30 ಡಿಗ್ರಿ ತಿರುಗಿಸಿದರೆ 6 ಅಡಿ ಬ್ಲೇಡ್ 5.2 ಅಡಿಯಷ್ಟೇ ಎಳೆಯುತ್ತದೆ, 7 ಅಡಿಯದು 6 ಅಡಿ. ಹಿಂದಿನ ಟೈರುಗಳ ಹೊರ ಅಂಚು ಅದರೊಳಗೆ ಬರದಿದ್ದರೆ ಮುಂದಿನ ಸುತ್ತಿನಲ್ಲಿ ಸಮ ಮಾಡಿದ ನೆಲದ ಮೇಲೆ ಟೈರು ಓಡಿ ಕೆಲಸವೆಲ್ಲ ಹಾಳು.

ಕೆಳಗಿನ ಕಟಿಂಗ್ ಎಡ್ಜನ್ನು (ನೆಲ ಕೆರೆಯುವ ಪಟ್ಟಿ) ವೆಲ್ಡ್ ಮಾಡಬೇಡಿ. ಹೈ ಕಾರ್ಬನ್ ಸ್ಟೀಲ್ ವೆಲ್ಡಿನ ಪಕ್ಕದಲ್ಲೇ ಬಿರಿಯುತ್ತದೆ. ತಲೆ ಒಳಗೆ ಕೂರುವ ಬೋಲ್ಟ್ ಹಾಕಿ, ತೂತುಗಳು ಎರಡೂ ಅಂಚಿನಿಂದ ಸಮದೂರದಲ್ಲಿರಲಿ. ಒಂದು ಅಂಚು ಸವೆದಾಗ ತಿರುವಿ ಹಾಕಬಹುದು.

ಓರೆ ಬ್ಲೇಡ್ ಟ್ರ್ಯಾಕ್ಟರನ್ನು ಪಕ್ಕಕ್ಕೆ ದೂಡುತ್ತದೆ. ಬ್ಲೇಡನ್ನು ಹಿಡಿದೆಳೆಯುವ ಕೆಳಗಿನ ಎರಡು ತೋಳುಗಳ (ಲೋವರ್ ಲಿಂಕ್) ಓಲಾಟ ತಡೆಯುವ ಚೆಕ್ ಚೈನ್ ಬಿಗಿಯಾಗಿಲ್ಲದಿದ್ದರೆ ಇಡೀ ಬ್ಲೇಡ್ ತೂಗಾಡಿ ಟೈರಿಗೆ ಉಜ್ಜುತ್ತದೆ.