ನಂಬರ್ ಪ್ಯಾಡಿನಲ್ಲಿ 50 ಒತ್ತಿದರೆ ಇಂಗ್ಲಿಷ್ ಅಕ್ಷರ ಬರುವುದೇಕೆ?

ನಿಮ್ಮ ಕೋಡ್ ನೋಡಿಲ್ಲ, ಆದರೂ ಹೆಚ್ಚುಕಡಿಮೆ ಖಚಿತ: ಗುಂಡಿಯ ಸಂಖ್ಯೆಯನ್ನೇ ಅಕ್ಷರದ ಸಂಖ್ಯೆ ಎಂದು ಓದುತ್ತಿದ್ದೀರಿ. ಚಿಕ್ಕಮಗಳೂರಿನ ಕಾಫಿ ಮಂಡಿಗೆ ಮಾಡಿದ ತೂಕ ತುಂಬುವ ವೆಬ್ ಪುಟದಲ್ಲಿ, ನಂಬರ್ ಪ್ಯಾಡಿನಿಂದ 50 ಒತ್ತಿದರೆ ಇಂಗ್ಲಿಷಿನ ಸಣ್ಣ 'ಇ' (e) ಅಕ್ಷರವೂ ಒಂದು ಓರೆ ಗೀಟೂ (`) ಬರುತ್ತವೆ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಕೀಡೌನ್‌ನಲ್ಲಿ, ಅಂದರೆ ಗುಂಡಿ ಒತ್ತಿದಾಗ ಬ್ರೌಸರ್ ಕೊಡುವ ಸೂಚನೆಯಲ್ಲಿ (ಇವೆಂಟ್), ಸಿಗುವ ಕೀಕೋಡ್ ಎಂಬ ಗುಂಡಿಯ ಸಂಖ್ಯೆ ಮೇಲಿನ ಸಾಲಿನ ಅಂಕಿಗಳಿಗೆ 48ರಿಂದ 57, ಪ್ಯಾಡಿನ ಅಂಕಿಗಳಿಗೆ 96ರಿಂದ 105. ಪ್ಯಾಡಿನ 5 ಎಂದರೆ 101. ಅಕ್ಷರಗಳ ಪಟ್ಟಿಯಲ್ಲಿ 101 ಆ 'ಇ'. ಸೊನ್ನೆ 96, ಅದೇ ಓರೆ ಗೀಟು. ಮೇಲಿನ ಸಾಲಿನಲ್ಲಿ ಎರಡೂ ಸಂಖ್ಯೆ ಒಂದೇ ಆದ್ದರಿಂದ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತಪ್ಪು ಕಾಣುವುದೇ ಇಲ್ಲ.

ಪ್ಯಾಡಿನ ಕೀಕೋಡ್‌ನಿಂದ 48 ಕಳೆದು ತೇಪೆ ಹಾಕಲು ಹೋಗಬೇಡಿ. ನಾನು ಹಾಕಿದ್ದೆ, ಅಂಕಿಗಳು ಸರಿಹೋದವು, 49.5 ಬಂದಾಗ ಕೆಟ್ಟಿತು. ಪ್ಯಾಡಿನ ಚುಕ್ಕೆ 110, 48 ಕಳೆದರೆ 62, ಅಂದರೆ 'ಹೆಚ್ಚು' ಎಂಬ ಗಣಿತ ಚಿಹ್ನೆ (>)!

ಮೊದಲು ಫ್ರಮ್‌ಚಾರ್‌ಕೋಡ್ (ಸಂಖ್ಯೆಯನ್ನು ಅಕ್ಷರವಾಗಿಸುವ ಆಜ್ಞೆ) ಇರುವ ಸಾಲನ್ನು ಅಳಿಸಿ. ಅಲ್ಲಿ ಇವೆಂಟ್‌ನ 'ಕೀ' (key) ಗುಣವನ್ನು ಓದಿ. ಅದು ನೇರವಾಗಿ '5' ಎಂದೇ ಕೊಡುತ್ತದೆ. ಕೀಕೋಡ್ ಹೇಗೂ ಕೈಬಿಡಬೇಕಾದ ಹಳೆಯ ಪದ್ಧತಿ.

ತೂಕ ಬರೆಯುವವರು ಮೊಬೈಲ್‌ನಲ್ಲೂ ತೂಕ ತುಂಬುತ್ತಾರೆ ಎಂದಾದರೆ ಇದೂ ಸಾಲದು. ಆಂಡ್ರಾಯ್ಡ್‌ನಲ್ಲಿ ಹಲವು ಬಾರಿ ಯಾವ ಗುಂಡಿ ಒತ್ತಿದರೂ ಕೀಕೋಡ್ 229 ಬರುತ್ತದೆ, 'ಕೀ'ಯಿಂದಲೂ ಅಂಕಿ ತಿಳಿಯುವುದಿಲ್ಲ. ಆಗ ಇನ್‌ಪುಟ್ ಇವೆಂಟ್‌ನಲ್ಲಿ (ಪೆಟ್ಟಿಗೆಯಲ್ಲಿನ ಬರಹ ಬದಲಾದಾಗ ಬರುವ ಸೂಚನೆ) ಪೆಟ್ಟಿಗೆಯ ಮೌಲ್ಯವನ್ನೇ ಪರೀಕ್ಷಿಸಿ. ಕನ್ನಡ ಅಂಕಿ ಬಂದರೆ ಅವುಗಳ ಅಕ್ಷರಸಂಖ್ಯೆ 3302ರಿಂದ 3311. 3254 ಕಳೆದರೆ ಮಾಮೂಲಿ ಅಂಕಿಯ ಅಕ್ಷರಸಂಖ್ಯೆ ಸಿಗುತ್ತದೆ.