ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದೆ.

ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಆಗಸ್ಟ್ 20ಕ್ಕೆ 18 ತುಂಬುತ್ತದೆ. ಹೆಸರು ಸೇರಿಸಲು ಮುಂದಿನ ಜನವರಿವರೆಗೆ ಕಾಯಬೇಕು ಅಂತ ಅಣ್ಣ ಹೇಳುತ್ತಾನೆ. ನಿಜವೆ?
ವಿದ್ಯಾರ್ಥಿನಿ, ಗಂಗಾವತಿ

ಅಣ್ಣ ಹೇಳುತ್ತಿರುವುದು ಹಳೆಯ ನಿಯಮ. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. ಜನವರಿ 2ರಂದು 18 ತುಂಬಿದವರೂ ಇಡೀ ವರ್ಷ ಕಾಯಬೇಕಿತ್ತು. 2022ರ ಆಗಸ್ಟ್ 1ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನಾಂಕಗಳಾಗಿವೆ. ನೀವು ಅಕ್ಟೋಬರ್ 1ರ ಲೆಕ್ಕಕ್ಕೆ ಬರುತ್ತೀರಿ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಆ ಅರ್ಜಿಯನ್ನು ನಿಮ್ಮ ದಿನಾಂಕ ಬರುವ ತ್ರೈಮಾಸಿಕದಲ್ಲಿ ಪರಿಶೀಲಿಸಿ ಹೆಸರು ಸೇರಿಸುತ್ತಾರೆ.

ಕಾಯುವುದರಿಂದ ಏನು ನಷ್ಟವೆಂದು ಒಂದು ಲೆಕ್ಕದಿಂದ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಮತದಾನ ನಡೆದದ್ದು ಮೇ 7ರಂದು. ನಾಮಪತ್ರ ಸಲ್ಲಿಸಲು ಕೊನೆಯ ದಿನ ಏಪ್ರಿಲ್ 19. ಆ ದಿನ ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾವ ಹೆಸರನ್ನೂ ಸೇರಿಸುವಂತಿಲ್ಲ, ಇದು ಕಾನೂನು. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ವಿಚಾರಣೆ ಆಗಬೇಕು. ಹಾಗಾಗಿ ನಾಮಪತ್ರದ ಕೊನೆಯ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ, ಅಂದರೆ ಏಪ್ರಿಲ್ 9ರ ಹೊತ್ತಿಗೇ ಬಾಗಿಲು ಮುಚ್ಚಿದಂತಾಗಿತ್ತು. ಊರಲ್ಲಿ ಪ್ರಚಾರದ ಮೈಕು ಕೇಳಿದ ಮೇಲೆ ಅರ್ಜಿ ನೆನಪಾದರೆ ಬಹಳ ಸಲ ತಡವಾಗಿರುತ್ತದೆ. ನೀವು ಈ ವಾರವೇ ಹಾಕಿ.

ಅರ್ಜಿಗೆ ಏನೇನು ಬೇಕು? ಮಗನ ಆಧಾರ್‌ನಲ್ಲಿ ಒಂದು ಜನ್ಮದಿನಾಂಕ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಇದೆ.
ರೈತರು, ದೇವದುರ್ಗ

ಹೊಸ ಮತದಾರರಿಗೆ ನಮೂನೆ 6. ಆನ್‌ಲೈನ್‌ನಲ್ಲಿ ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ತುಂಬಬಹುದು. ಇಲ್ಲವೆಂದರೆ ಕಾಗದದ ನಮೂನೆಯನ್ನು ನಿಮ್ಮ ಮತಗಟ್ಟೆಯ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಅಥವಾ ತಹಸೀಲ್ದಾರ್ ಕಚೇರಿಯ ಚುನಾವಣಾ ಶಾಖೆಗೆ ಕೊಡಬಹುದು. ಬಿಎಲ್‌ಓ ಯಾರೆಂದು ತಿಳಿಯದಿದ್ದರೆ 1950ಕ್ಕೆ ಕರೆ ಮಾಡಿ. ನೋಂದಣಿಗೆ ಶುಲ್ಕವಿಲ್ಲ. ಮೊದಲ ಗುರುತಿನ ಚೀಟಿಯೂ ಉಚಿತ.

ಬೇಕಾದವು ಮೂರೇ. ಬಿಳಿ ಹಿನ್ನೆಲೆಯಲ್ಲಿ ನೇರ ಮುಖದ ಪಾಸ್‌ಪೋರ್ಟ್ ಅಳತೆಯ ಫೋಟೋ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ. ವಯಸ್ಸಿಗೆ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಜನ್ಮದಿನಾಂಕ ಇರುವ ಹತ್ತು ಅಥವಾ ಹನ್ನೆರಡನೇ ತರಗತಿಯ ಅಂಕಪಟ್ಟಿ, ಇವುಗಳಲ್ಲಿ ಒಂದು ಸಾಕು. ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಕರೆಂಟ್ ಬಿಲ್, ಕಂದಾಯ ಇಲಾಖೆಯ ಜಮೀನಿನ ದಾಖಲೆ, ನೋಂದಾಯಿತ ಬಾಡಿಗೆ ಕರಾರು ಆಗುತ್ತವೆ. ಮಗನ ಹೆಸರಿನ ಬಿಲ್ ಇರುವುದಿಲ್ಲವಲ್ಲ, ಅಪ್ಪನ ಹೆಸರಿನದ್ದೂ ನಡೆಯುತ್ತದೆ.

ನಿಮ್ಮ ತೊಡಕು ದಿನಾಂಕದ್ದು. ನಮ್ಮ ಕಡೆ ಆಧಾರ್ ಮಾಡಿಸುವಾಗ ದಾಖಲೆ ಇಲ್ಲದೆ ಜನವರಿ 1 ಎಂದು ಬರೆಸಿದವರು ಬಹಳ. ನಮೂನೆಯಲ್ಲಿ ಬರೆದ ದಿನಾಂಕವೂ ಜತೆಗಿಟ್ಟ ದಾಖಲೆಯ ದಿನಾಂಕವೂ ಒಂದೇ ಆಗಿರಬೇಕು. ಆದ್ದರಿಂದ ಅಂಕಪಟ್ಟಿಯನ್ನೇ ವಯಸ್ಸಿನ ದಾಖಲೆಯಾಗಿ ಕೊಟ್ಟು ಅದರಲ್ಲಿರುವ ದಿನಾಂಕವನ್ನೇ ಬರೆಯಿರಿ. ಆಧಾರನ್ನು ಬೇರೆಯಾಗಿ ತಿದ್ದಿಸಿ. ವಯಸ್ಸು ಹೆಚ್ಚಿಸಿ ಬರೆಯುವ ಗೊಡವೆಗೆ ಹೋಗಬೇಡಿ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು.

ಆನ್‌ಲೈನ್‌ನಲ್ಲಿ ತುಂಬುವವರಿಗೆ ಇನ್ನೂ ಎರಡು ಮಾತು. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದಾಗ ಪಕ್ಕದಲ್ಲಿ ಕನ್ನಡ ತಾನಾಗಿ ಮೂಡುತ್ತದೆ, ಅದನ್ನು ಓದದೆ ಮುಂದೆ ಹೋಗುವುದೇ ದೊಡ್ಡ ತಪ್ಪು. ಹುಲಿಗೆಮ್ಮ ‘ಹುಳಿಗೆಮ್ಮ’ ಆಗಿ, ಯಂಕೋಬ ‘ಯಂಕೊಬ’ ಆಗಿ ಅಚ್ಚಾದರೆ ಮುಂದೆ ತಿದ್ದುಪಡಿಗೆ ಮತ್ತೆ ಅಲೆಯಬೇಕು. ಕನ್ನಡದ ಕಲಂನಲ್ಲೇ ಅಕ್ಷರ ಸರಿಪಡಿಸಿ. ಇನ್ನೊಂದು, ಮನೆಯವರೊಬ್ಬರ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಬರೆಯುವ ಕಲಂ ಖಾಲಿ ಬಿಡಬೇಡಿ. ಹಳ್ಳಿಗಳಲ್ಲಿ ಮನೆ ನಂಬರ್ ಇರುವುದಿಲ್ಲ. ಆ ಸಂಖ್ಯೆ ಇದ್ದರೆ ಮಗನ ಹೆಸರು ನಿಮ್ಮ ಮನೆಯವರ ಜತೆ ಅದೇ ಮತಗಟ್ಟೆಗೆ ಸೇರುವುದು ಸುಲಭ. ಇಲ್ಲದಿದ್ದರೆ ಅಪ್ಪ ಒಂದು ಬೂತ್, ಮಗ ಇನ್ನೊಂದು ಬೂತ್ ಆಗುವ ಸಾಧ್ಯತೆ ಉಂಟು.

ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆ?
ಸಂಡೂರು ತಾಲ್ಲೂಕಿನ ಯುವತಿ

ಬೇಡ. ಆ ಕಲಂನಲ್ಲಿ ತಾಯಿಯ ಹೆಸರು ಬರೆದು ‘ತಾಯಿ’ ಎಂದು ಗುರುತು ಮಾಡಿದರೆ ಸಾಕು. ನಮೂನೆಯಲ್ಲೇ ಅದಕ್ಕೆ ಅವಕಾಶವಿದೆ. ಅನಾಥರು ಕಾನೂನುಬದ್ಧ ಪೋಷಕರ ಹೆಸರನ್ನೂ, ಲಿಂಗತ್ವ ಅಲ್ಪಸಂಖ್ಯಾತರು ಗುರುವಿನ ಹೆಸರನ್ನೂ ಬರೆಯಬಹುದು. ದೇವದಾಸಿ ತಾಯಂದಿರ ಮಕ್ಕಳು ಈ ಒಂದು ಕಲಂಗೆ ಅಂಜಿ ಅರ್ಜಿಯನ್ನೇ ಹಾಕದೆ ಉಳಿಯಬಾರದು. ಯಾರಾದರೂ ತಂದೆಯ ಹೆಸರು ಕಡ್ಡಾಯ ಎಂದರೆ ನಮೂನೆಯ ಆ ಸಾಲನ್ನು ತೋರಿಸಿ.

ಊರು ಕುಷ್ಟಗಿ ಹತ್ತಿರ. ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪದವಿ ಓದುತ್ತಿದ್ದೇನೆ. ಎಲ್ಲಿ ನೋಂದಾಯಿಸಲಿ?
ವಿದ್ಯಾರ್ಥಿ, ಬಳ್ಳಾರಿ

ಆಯ್ಕೆ ನಿಮ್ಮದು. ಊರಿನ ಮನೆಯ ವಿಳಾಸಕ್ಕೂ ಆಗುತ್ತದೆ, ಹಾಸ್ಟೆಲ್ ವಿಳಾಸಕ್ಕೂ ಆಗುತ್ತದೆ. ಎರಡೂ ಕಡೆ ಆಗದು. ಹಾಸ್ಟೆಲ್ ವಿಳಾಸಕ್ಕಾದರೆ ಕೋರ್ಸ್ ಕನಿಷ್ಠ ಒಂದು ವರ್ಷದ್ದಾಗಿರಬೇಕು, ಪ್ರಾಂಶುಪಾಲರ ಪ್ರಮಾಣಪತ್ರ ಜತೆಗಿಡಬೇಕು. ನಮ್ಮ ಸಲಹೆ ಕೇಳಿದರೆ, ಓದು ಮುಗಿದ ಮೇಲೆ ಬಳ್ಳಾರಿಯಲ್ಲಿ ಉಳಿಯುವ ಯೋಚನೆ ಇಲ್ಲದಿದ್ದರೆ ಊರಿಗೇ ಮಾಡಿಸಿ. ಗ್ರಾಮ ಪಂಚಾಯಿತಿ ಚುನಾವಣೆಯ ಪಟ್ಟಿಯೂ ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ತಯಾರಾಗುತ್ತದೆ. ನಿಮ್ಮೂರಿನ ಕುಡಿಯುವ ನೀರು, ರಸ್ತೆ ತೀರ್ಮಾನವಾಗುವುದು ಅಲ್ಲೇ.

ಲಿಂಗಸುಗೂರು ಕಡೆಯವರು ನಾವು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತೇವೆ. ಹೋದ ಸಲ ನನ್ನದೂ ತಮ್ಮನದೂ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಚುನಾವಣೆ ದಿನ ಬರಬೇಕೆಂದರೆ ಮೇಸ್ತ್ರಿ ರಜೆ ಕೊಡುವುದಿಲ್ಲ.
ಕಟ್ಟಡ ಕಾರ್ಮಿಕರು

ಇದು ನಮ್ಮ ಮೂರೂ ಜಿಲ್ಲೆಗಳ ದೊಡ್ಡ ಪ್ರಶ್ನೆ, ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಹಕ್ಕಿನ ಮಾತು. ಪ್ರಜಾಪ್ರತಿನಿಧಿತ್ವ ಕಾಯ್ದೆ 1950ರ 20ನೇ ಕಲಂ ಪ್ರಕಾರ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಲ್ಲ ಎಂದಾಗುವುದಿಲ್ಲ. ಕೆಲವು ತಿಂಗಳು ದುಡಿದು ವಾಪಸ್ ಬರುವವರ ಮತ ಊರಲ್ಲೇ ಇರಬಹುದು. ಹೆಂಡತಿ ಮಕ್ಕಳ ಸಮೇತ ಹೋಗಿ ವರ್ಷಗಟ್ಟಲೆ ಅಲ್ಲೇ ನೆಲೆಸಿದವರ ಮಾತು ಬೇರೆ. ಅವರು ನಮೂನೆ 8 ಕೊಟ್ಟು ಬೆಂಗಳೂರಿಗೇ ವರ್ಗಾಯಿಸಿಕೊಳ್ಳುವುದು ಸರಿ.

ಹೆಸರು ಹೇಗೆ ಬಿಟ್ಟುಹೋಗುತ್ತದೆ? ಬಿಎಲ್‌ಓ ಮನೆ ಮನೆ ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇರುತ್ತದೆ. ನೆರೆಯವರು ‘ಅವರು ಬೆಂಗಳೂರಿಗೆ ಹೋದರು’ ಎಂದಷ್ಟೇ ಹೇಳುತ್ತಾರೆ. ಅದು ‘ಸ್ಥಳಾಂತರ’ ಎಂದು ದಾಖಲಾಗುತ್ತದೆ. ತೆಗೆಯುವ ಮುನ್ನ ನೋಟಿಸ್ ಕೊಡಬೇಕೆಂಬ ನಿಯಮ ಇದೆ, ಆದರೆ ಬೀಗ ಹಾಕಿದ ಮನೆಗೆ ಬಂದ ನೋಟಿಸ್ ಓದುವವರು ಯಾರು? ಇದನ್ನು ತಡೆಯಲು ಗುಳೆ ಹೊರಡುವ ಮುನ್ನ ಬಿಎಲ್‌ಓಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಇಂಥ ತಿಂಗಳು ವಾಪಸ್ ಬರುತ್ತೇವೆಂದು ಹೇಳಿ. ಊರಲ್ಲಿ ಉಳಿದ ಹಿರಿಯರಿಗೂ ಅದನ್ನೇ ಹೇಳಲು ತಿಳಿಸಿ. ಪಟ್ಟಿಯ ವಾರ್ಷಿಕ ಪರಿಷ್ಕರಣೆಯ ಕರಡು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ, ಅಂತಿಮ ಪಟ್ಟಿ ಜನವರಿಯಲ್ಲಿ ಪ್ರಕಟವಾಗುತ್ತದೆ. ಅದು ನೀವು ಇನ್ನೂ ಊರಲ್ಲಿರುವ ಕಾಲ. ಕರಡಿನಲ್ಲಿ ಹೆಸರು ನೋಡಿಕೊಂಡೇ ಬಸ್ ಹತ್ತಿ. ಈಗ ತೆಗೆದುಹಾಕಿರುವ ಹೆಸರಿಗೆ ಮತ್ತೆ ನಮೂನೆ 6 ಕೊಡಬೇಕು.

ಇನ್ನು ರಜೆ. ಪ್ರಜಾಪ್ರತಿನಿಧಿತ್ವ ಕಾಯ್ದೆ 1951ರ 135ಬಿ ಕಲಂ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಕೂಲಿ ಹಿಡಿಯುವಂತಿಲ್ಲ. ಕೆಲಸದ ಜಾಗ ಬೇರೆ ಕ್ಷೇತ್ರದಲ್ಲಿದ್ದರೂ ಇದು ಅನ್ವಯ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26, ನಮ್ಮದು ಮೇ 7. ಮೇ 7ರಂದು ಬೆಂಗಳೂರಿನಲ್ಲಿ ಎಲ್ಲ ಕೆಲಸವೂ ನಡೆದಿತ್ತು, ಹಾಗಾಗಿ ‘ಇವತ್ತು ಎಂಥ ಚುನಾವಣೆ’ ಎಂದು ಕೇಳುವ ಮೇಸ್ತ್ರಿಗಳು ಇರುತ್ತಾರೆ. ಎಪಿಕ್ ಅಥವಾ ಪಟ್ಟಿಯ ಪುಟವನ್ನು ಮೊದಲೇ ತೋರಿಸಿ, ವಾರ ಮುಂಚೆ ತಿಳಿಸಿ. ಕಾನೂನು ಮುರಿದ ಮಾಲೀಕನಿಗೆ ದಂಡ ಬರೀ 500 ರೂಪಾಯಿವರೆಗೆ. ಈ ಮೊತ್ತ ಯಾರನ್ನೂ ಹೆದರಿಸುವುದಿಲ್ಲ, ಹೆಚ್ಚಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೂ ಹತ್ತು ಜನ ಒಟ್ಟಾಗಿ ಕೇಳಿದಾಗ ಇಲ್ಲವೆನ್ನುವುದು ಕಷ್ಟ.

ತವರು ಸಿರುಗುಪ್ಪ, ಮದುವೆಯಾಗಿ ಸಿಂಧನೂರಿಗೆ ಬಂದಿದ್ದೇನೆ. ಹಳೆಯ ಕಾರ್ಡ್ ಇದೆ. ಹೊಸದಾಗಿ ನಮೂನೆ 6 ತುಂಬಲೆ?
ಗೃಹಿಣಿ, ಸಿಂಧನೂರು

ತುಂಬಬೇಡಿ. ಒಮ್ಮೆ ಪಟ್ಟಿಯಲ್ಲಿ ಹೆಸರಿದ್ದವರು ವಿಳಾಸ ಬದಲಿಸಲು ನಮೂನೆ 8 ಬಳಸಬೇಕು. 2022ಕ್ಕೆ ಮೊದಲು ಬೇರೆ ಕ್ಷೇತ್ರಕ್ಕೆ ಹೋದವರು ನಮೂನೆ 6 ತುಂಬುತ್ತಿದ್ದರು, ಈಗಲೂ ಕೆಲವು ಸೈಬರ್ ಅಂಗಡಿಗಳಲ್ಲಿ ಅದನ್ನೇ ತುಂಬಿಕೊಡುತ್ತಾರೆ. ಹಾಗೆ ಮಾಡಿದರೆ ಎರಡು ಕಡೆ ಹೆಸರಾಗುತ್ತದೆ, ಅದು ಕಾನೂನಿಗೆ ವಿರುದ್ಧ. ನಮೂನೆ 8ರಲ್ಲಿ ಹಳೆಯ ಎಪಿಕ್ ಸಂಖ್ಯೆ ಬರೆದು ‘ವಾಸಸ್ಥಳ ಬದಲಾವಣೆ’ ಆರಿಸಿ, ಪತಿಯ ಮನೆಯ ವಿಳಾಸದ ದಾಖಲೆ ಕೊಡಿ. ಹೆಸರಿನ ತಿದ್ದುಪಡಿಗೆ, ಕಳೆದುಹೋದ ಕಾರ್ಡಿಗೆ ಕೂಡ ಇದೇ ನಮೂನೆ.

ಅಂದಹಾಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ರಾಯಚೂರು ಜಿಲ್ಲೆಯ ಸಿಂಧನೂರು ಎರಡೂ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೇ ಸೇರಿವೆ. ಮದುವೆಯಿಂದ ನಿಮ್ಮ ಜಿಲ್ಲೆ ಬದಲಾಯಿತು, ಶಾಸಕರು ಬದಲಾದರು, ಸಂಸದರು ಮಾತ್ರ ಅವರೇ.

ಅರ್ಜಿ ತಿರಸ್ಕಾರವಾದರೆ?
ಮಾನ್ವಿ

ಕಾರಣ ನೋಡಿ. ಮಸುಕಾದ ಫೋಟೋ, ಓದಲಾಗದ ದಾಖಲೆ, ಬಿಎಲ್‌ಓ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿರುವುದು, ಇಂಥವಾದರೆ ಸರಿಪಡಿಸಿ ಮತ್ತೆ ಅರ್ಜಿ ಹಾಕುವುದೇ ಬೇಗ ಆಗುವ ದಾರಿ. ತಿರಸ್ಕಾರವೇ ತಪ್ಪು ಎನಿಸಿದರೆ ಆದೇಶದಿಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಕೈಯಲ್ಲಿ ಕಾರ್ಡ್ ಇದ್ದರೂ ಬೂತಿನಿಂದ ವಾಪಸ್ ಕಳಿಸಿದರು ಎಂದು ಗೆಳೆಯ ಹೇಳುತ್ತಾನೆ. ಹೀಗೂ ಆಗುತ್ತದೆಯೆ?
ಯಲಬುರ್ಗಾ

ಆಗುತ್ತದೆ. ಕಾರ್ಡ್ ನೀವು ಯಾರೆಂದು ಹೇಳುತ್ತದೆ ಅಷ್ಟೆ, ಮತ ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿ ಹೆಸರಿದ್ದರೆ. ತದ್ವಿರುದ್ಧವೂ ನಿಜ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್ ಮೊದಲಾದವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಮನೆಗೆ ಬರುವ ವೋಟರ್ ಸ್ಲಿಪ್ ಒಂದೇ ಗುರುತಿಗೆ ಸಾಲದು.

ನಿಮ್ಮ ಹೆಸರಲ್ಲಿ ಬೇರೆಯವರು ಆಗಲೇ ಮತ ಹಾಕಿಹೋಗಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ಅಧ್ಯಕ್ಷಾಧಿಕಾರಿಗೆ ‘ಟೆಂಡರ್ಡ್ ವೋಟ್’ ಬೇಕೆಂದು ಕೇಳಿ. ಗುರುತು ದೃಢಪಟ್ಟರೆ ಕಾಗದದ ಮತಪತ್ರ ಕೊಡುತ್ತಾರೆ, ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಯಲ್ಲಿ ಅದು ಸೇರುವುದಿಲ್ಲ, ಆದರೆ ಫಲಿತಾಂಶ ಕೋರ್ಟಿಗೆ ಹೋದಾಗ ಅದೇ ದಾಖಲೆ.

ಲಕ್ಷಾಂತರ ಮತಗಳಲ್ಲಿ ನನ್ನದೊಂದು ಯಾವ ಲೆಕ್ಕ?
ಐಟಿಐ ವಿದ್ಯಾರ್ಥಿ, ರಾಯಚೂರು

2018ರ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮ ಜಿಲ್ಲೆಯ ಮಸ್ಕಿ ಕ್ಷೇತ್ರ ತೀರ್ಮಾನವಾದದ್ದು 213 ಮತಗಳ ಅಂತರದಲ್ಲಿ. ಒಂದು ಕಾಲೇಜಿನ ಮೂರು ತರಗತಿಗಳಲ್ಲಿ ಅಷ್ಟು ಮಂದಿ ಕೂತಿರುತ್ತಾರೆ. 21ಕ್ಕಿದ್ದ ಮತದಾನದ ವಯಸ್ಸನ್ನು 18ಕ್ಕೆ ಇಳಿಸಲು 1989ರಲ್ಲಿ ಸಂವಿಧಾನವನ್ನೇ ತಿದ್ದಿದರು. ನಿಮಗಾಗಿ ಮಾಡಿದ ತಿದ್ದುಪಡಿ ಅದು. ಯಾರೂ ಒಪ್ಪಿಗೆಯಾಗದಿದ್ದರೆ 2013ರಿಂದ ಯಂತ್ರದಲ್ಲಿ ನೋಟಾ ಗುಂಡಿಯೂ ಇದೆ. ಗುಂಡಿ ಒತ್ತಿದ ಮೇಲೆ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ನೋಡಿಯೇ ಹೊರಗೆ ಬನ್ನಿ. ನಮ್ಮಲ್ಲಿ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಲ್ಲುವುದು ಲೇಸು.

ನಮ್ಮ ಕಾಲೇಜಿನಲ್ಲಿ ನೋಂದಣಿ ಶಿಬಿರ ಮಾಡಬೇಕೆಂದಿದ್ದೇವೆ. ಎಲ್ಲರ ಅರ್ಜಿ ಸಂಗ್ರಹಿಸಿ ಒಟ್ಟಿಗೆ ಕೊಡಬಹುದೆ?
ಉಪನ್ಯಾಸಕರು, ಕೊಪ್ಪಳ

ಒಟ್ಟಿಗೆ ಕಟ್ಟು ಕಟ್ಟಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಂದೇ ಮನೆಯವರ ಅರ್ಜಿಗಳನ್ನು ಒಬ್ಬರು ತರಬಹುದು, ಇಡೀ ತರಗತಿಯದನ್ನು ಅಲ್ಲ. ಹಾಗಾಗಿ ತಹಸೀಲ್ದಾರ್ ಕಚೇರಿಗೆ ಪತ್ರ ಬರೆದು ಬಿಎಲ್‌ಓಗಳನ್ನು ಕಾಲೇಜಿಗೇ ಕರೆಸಿ, ಇಲ್ಲವೆ ಪ್ರತಿ ವಿದ್ಯಾರ್ಥಿಯೂ ತನ್ನ ಫೋನಿನಿಂದಲೇ ತುಂಬುವಂತೆ ಮಾಡಿ. ಎರಡನೆಯದೇ ವಾಸಿ, ಏಕೆಂದರೆ ನಿಮ್ಮ ವಿದ್ಯಾರ್ಥಿಗಳು ಹತ್ತಾರು ಊರಿನವರು, ಬಂದ ಬಿಎಲ್‌ಓ ಒಂದು ಮತಗಟ್ಟೆಗೆ ಸೇರಿದವರು.

ಶಿಬಿರಕ್ಕೆ ಎರಡು ದಿನ ಮೊದಲು ಹೀಗೆ ಹೇಳಿ ಕಳಿಸಿ: ಅಂಕಪಟ್ಟಿ, ಆಧಾರ್, ಮನೆಯವರೊಬ್ಬರ ಎಪಿಕ್ ಮೂರನ್ನೂ ತನ್ನಿ, ಆಧಾರ್‌ಗೆ ಜೋಡಿಸಿದ ಮೊಬೈಲನ್ನೂ ತನ್ನಿ. ಆ ಮೊಬೈಲ್ ಊರಲ್ಲಿ ಅಪ್ಪನ ಜೇಬಿನಲ್ಲಿದ್ದು ಓಟಿಪಿ ಸಿಗದೆ ಅರ್ಜಿ ನಿಂತುಹೋಗುವುದೇ ಹೆಚ್ಚು. ಗೋಡೆಯ ಮುಂದೆ ಬಿಳಿ ಬಟ್ಟೆ ಕಟ್ಟಿ ಅಲ್ಲೇ ಫೋಟೋ ತೆಗೆಯಿರಿ. ಆರು ತಿಂಗಳಿಗೊಮ್ಮೆ ಸಿಮ್ ಬದಲಿಸುವವರಿಗೆ, ಉಳಿಯುವ ನಂಬರನ್ನೇ ಕೊಡಲು ಹೇಳಿ, ಇ-ಎಪಿಕ್ ಇಳಿಸಿಕೊಳ್ಳುವಾಗ ಓಟಿಪಿ ಅದಕ್ಕೇ ಬರುತ್ತದೆ. ಅರ್ಜಿ ಹೋದ ಕೂಡಲೇ ಬರುವ ಉಲ್ಲೇಖ ಸಂಖ್ಯೆಯನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿ. ಹದಿನೈದು ದಿನ ಬಿಟ್ಟು ಒಬ್ಬೊಬ್ಬರದೂ ಎಲ್ಲಿಗೆ ಬಂತೆಂದು ತೆಗೆದು ನೋಡಿ, ಬಿಎಲ್‌ಓ ಹಂತದಲ್ಲೇ ನಿಂತಿರುವ ಅರ್ಜಿಗಳ ಪಟ್ಟಿ ಮಾಡಿ ತಹಸೀಲ್ದಾರ್ ಕಚೇರಿಯ ಚುನಾವಣಾ ಶಾಖೆಗೆ ಕೊಡಿ.