ಓದುಗರ ಪ್ರಶ್ನೆ: ಶಾಲೆಯ ರಾಕೆಟ್ ಕೂಟ ಮತ್ತು ಹಳೆಯ ವಿದ್ಯಾರ್ಥಿಗಳು

ಪ್ರಶ್ನೆ: ನಾವು ಚಿತ್ರದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು. ಶಾಲೆಗೆ ನೆರವಾಗಲೆಂದು ಒಂದಿಷ್ಟು ಹಣ ಕೂಡಿಸಿದ್ದೇವೆ. ವಿಜ್ಞಾನದ ಮೇಷ್ಟ್ರು ಮಕ್ಕಳಿಗಾಗಿ ರಾಕೆಟ್ ಕೂಟ ಆರಂಭಿಸುವ ಆಸೆ ತೋಡಿಕೊಂಡಿದ್ದಾರೆ. ನಮ್ಮಲ್ಲಿ ಕೆಲವರು ಅಷ್ಟೂ ಹಣದಲ್ಲಿ ಕೊಠಡಿ ಕಟ್ಟಿಸೋಣ ಎಂದರೆ, ಇನ್ನು ಕೆಲವರು ಹಾರಿಸುವುದಾದರೆ ಮದ್ದಿನ ರಾಕೆಟ್ಟನ್ನೇ ಹಾರಿಸಬೇಕು ಎನ್ನುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಮದ್ದಿನ ಮಾತನ್ನು ಮೊದಲು ಕೈಬಿಡಿ. 1884ರ ಸ್ಫೋಟಕಗಳ ಕಾಯ್ದೆಯ ಪ್ರಕಾರ ಅದನ್ನು ತಯಾರಿಸಲು ಪರವಾನಗಿ ಬೇಕು. ಕಾಯ್ದೆ ಇರದಿದ್ದರೂ ಮಕ್ಕಳ ಕೈಗೆ ಮದ್ದು ಕೊಡುವುದು ಸಲ್ಲದು. ಅಮೆರಿಕದಲ್ಲಿ 2003ರಿಂದ ನಡೆಯುತ್ತಿರುವ ಶಾಲಾ ರಾಕೆಟ್ ಸ್ಪರ್ಧೆಯಲ್ಲಿಯೂ ಮಕ್ಕಳು ಮದ್ದು ಕಲಸುವುದಿಲ್ಲ, ಕಾರ್ಖಾನೆಯಲ್ಲಿ ತಯಾರಾದ ಮೋಟಾರನ್ನು ಕೊಂಡು ತಂದು ಕೂರಿಸುತ್ತಾರೆ. ಹಸಿ ಕೋಳಿಮೊಟ್ಟೆಯನ್ನು ಮೇಲೇರಿಸಿ ಒಡೆಯದಂತೆ ಇಳಿಸುವುದು ಅಲ್ಲಿನ ಮುಖ್ಯ ಪರೀಕ್ಷೆ.

ನಿಮ್ಮ ಶಾಲೆಗೆ ನೀರಿನ ರಾಕೆಟ್ಟೇ ಸರಿ. ಗ್ಯಾಸ್ ತುಂಬಿದ ತಂಪು ಪಾನೀಯದ ಎರಡು ಲೀಟರ್ ಬಾಟಲಿಯಲ್ಲಿ ಮೂರನೇ ಒಂದು ಪಾಲು ನೀರು ತುಂಬಿ, ವಾಲ್ವ್ ಕೂರಿಸಿದ ಬಿರಡೆಯಿಂದ ಬಾಯಿ ಮುಚ್ಚಿ, ಬಾಯಿ ಕೆಳಗಾಗಿ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿಸಿದರೆ, ಒಳಗಿನ ಒತ್ತಡವು ನೀರನ್ನು ಕೆಳಕ್ಕೆ ದೂಡುತ್ತದೆ, ಬಾಟಲಿ ಮೇಲಕ್ಕೆ ನೆಗೆಯುತ್ತದೆ. ಕುಡಿಯುವ ನೀರಿನ ತೆಳು ಬಾಟಲಿಗಳನ್ನು ಮುಟ್ಟಬೇಡಿ, ಅವು ಒತ್ತಡ ತಾಳುವುದಿಲ್ಲ. ಒತ್ತಡ 60 ಪಿಎಸ್‌ಐ (ಒತ್ತಡ ಮಾಪಕ ತೋರಿಸುವ ಅಳತೆ) ದಾಟದಿರಲಿ. ಗೀರು ಬಿದ್ದ ಬಾಟಲಿಯನ್ನು ಎಸೆಯಿರಿ. ಬಿಡುವ ಕೀಲಿಗೆ ಉದ್ದನೆಯ ಹಗ್ಗ ಕಟ್ಟಿ ದೂರದಿಂದ ಎಳೆಯಿರಿ.

ನಿಜವಾದ ಕಲಿಕೆ ಇರುವುದು ರೆಕ್ಕೆ ಮತ್ತು ಮೂತಿಯಲ್ಲಿ. ನೀರಿಲ್ಲದ ರಾಕೆಟ್ಟನ್ನು ಅದು ಸಮತೂಗುವ ಜಾಗದಲ್ಲಿ ದಾರ ಕಟ್ಟಿ ತಲೆಯ ಮೇಲೆ ಗಿರಗಿರನೆ ತಿರುಗಿಸಬೇಕು. ಮೂತಿ ಮುಂದಾಗಿ ಸುತ್ತಿದರೆ ಅದು ನೆಟ್ಟಗೆ ಹಾರುತ್ತದೆ. ಬಾಲ ಮುಂದಾದರೆ ಮೂತಿಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಬೇಕು, ಇಲ್ಲವೇ ರೆಕ್ಕೆ ದೊಡ್ಡದು ಮಾಡಬೇಕು. ಏಕೆ ಹೀಗಾಯಿತೆಂದು ಮಕ್ಕಳೇ ತಲೆ ಕೆರೆದುಕೊಳ್ಳಲಿ, ಉತ್ತರವನ್ನು ಬೇಗನೆ ಹೇಳಿಬಿಡಬೇಡಿ. ರೆಕ್ಕೆಯಿರುವ ರಾಕೆಟ್ ಗಾಳಿ ಯಾವ ದಿಕ್ಕಿನಿಂದ ಬರುತ್ತದೋ ಆ ದಿಕ್ಕಿಗೇ ಮೂತಿ ತಿರುಗಿಸುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಊರು ನಿಮ್ಮದು, ಆದ್ದರಿಂದ ಆಷಾಢದಲ್ಲಿ ಹಾರಿಸದೆ ಬೇರೆ ತಿಂಗಳುಗಳ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ.

ಇನ್ನು ಹಣದ ವಿಚಾರ. ಕೊಠಡಿ ಬೇಡವೆಂದೇ ನನ್ನ ಅಭಿಪ್ರಾಯ. ಉದ್ಘಾಟನೆಯ ಕಲ್ಲು ನೆಟ್ಟು ಬೀಗ ಹಾಕಿದ ಪ್ರಯೋಗಾಲಯಗಳು ನಮ್ಮ ಶಾಲೆಗಳಲ್ಲಿ ಕಡಿಮೆಯಿಲ್ಲ. ಆ ಹಣವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಜಮೆ ಮಾಡಿ ರಸೀದಿ ಪಡೆದು, ವರ್ಷಕ್ಕಿಷ್ಟೆಂದು ಬಾಟಲಿ, ಪಂಪು, ಒತ್ತಡ ಮಾಪಕಗಳಿಗೆ ಖರ್ಚಾಗುವಂತೆ ಮುಖ್ಯೋಪಾಧ್ಯಾಯರೊಂದಿಗೆ ಮಾತಾಡಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರು, ಡಿಪ್ಲೊಮಾ ಓದಿದವರು, ಕಾರ್ಖಾನೆಯಲ್ಲಿ ದುಡಿದವರು ಇದ್ದೇ ಇರುತ್ತಾರೆ; ಅವರು ಸರದಿಯ ಮೇಲೆ ಶನಿವಾರ ಶಾಲೆಗೆ ಬರಲಿ. ಉಡಾವಣೆಯ ಸ್ಟ್ಯಾಂಡನ್ನು ಮಕ್ಕಳ ಎದುರಿಗೇ ಮಾಡಿಕೊಟ್ಟರೆ, ಅಳತೆ ತಪ್ಪಿದಾಗ ಏನಾಗುತ್ತದೆಂಬುದನ್ನು ಅವರು ಕಣ್ಣಾರೆ ನೋಡುತ್ತಾರೆ. ಮೇಷ್ಟ್ರೊಬ್ಬರ ಮೇಲೆಯೇ ನಿಂತ ಕೂಟ ಅವರ ವರ್ಗಾವಣೆಯೊಂದಿಗೆ ಮುಗಿಯುತ್ತದೆ, ಊರಿನವರು ಕೈಹಿಡಿದ ಕೂಟ ಉಳಿಯುತ್ತದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅದರ ಬಗ್ಗೆ ವಿಚಾರಿಸಿ, ಅವಕಾಶವಾದರೆ ನಿಮ್ಮ ಮೇಷ್ಟ್ರ ಓಡಾಟದ ವೆಚ್ಚವನ್ನು ವಹಿಸಿಕೊಳ್ಳಿ. ಅದೇ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಬಿಟ್ಟಿತು, ಅದು ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. ತಮ್ಮ ಜಿಲ್ಲೆಯಲ್ಲೇ ಇದು ನಡೆದಿದೆಯೆಂಬುದು ನಿಮ್ಮ ಶಾಲೆಯ ಪ್ರತಿ ಮಗುವಿಗೂ ಗೊತ್ತಿರಬೇಕು.

ಪ್ರಶ್ನೆ: ಇದರಿಂದ ಎಸ್ಸೆಸ್ಸೆಲ್ಸಿ ಓದಿಗೆ ಅಡ್ಡಿಯಾಗದೇ?

ಉತ್ತರ: ಹತ್ತನೆಯ ತರಗತಿಯ ಗಣಿತದ ಉನ್ನತ ಕೋನದ ಲೆಕ್ಕ ಇಲ್ಲಿ ಬಯಲಿನಲ್ಲೇ ನಡೆಯುತ್ತದೆ. ಕೋನಮಾಪಕಕ್ಕೆ ದಾರ ಮತ್ತು ತೂಕ ಕಟ್ಟಿ, ರಾಕೆಟ್ಟಿನ ತುದಿಯೆತ್ತರವನ್ನು ನೋಡಿದಾಗ 45 ಡಿಗ್ರಿ ಬಂದರೆ, ಉಡಾವಣೆಯ ಜಾಗಕ್ಕಿರುವ ದೂರಕ್ಕೆ ನೋಡುವವರ ಕಣ್ಣಿನ ಎತ್ತರ ಕೂಡಿಸಿದರೆ ರಾಕೆಟ್ ಏರಿದ ಎತ್ತರ ಸಿಕ್ಕಿತು. ಡಿಸೆಂಬರ್ ನಂತರ ಹತ್ತನೆಯವರನ್ನು ಓದಿಗೆ ಬಿಟ್ಟು, ಒಂಬತ್ತನೆಯವರು ಕೂಟವನ್ನು ಮುಂದುವರಿಸಲಿ; ಶಾಲಾ ಮಕ್ಕಳಿಗೆ ಬಾಹ್ಯಾಕಾಶ ವಿಜ್ಞಾನ ಕಲಿಸುವ ಇಸ್ರೋದ ಯುವಿಕಾ ಶಿಬಿರ ಇರುವುದೂ ಒಂಬತ್ತನೆಯ ತರಗತಿಯವರಿಗೇ.